ನಗದು ತನ್ನಿ, ಹೆಸರು ಬೇಡ

ಅಮೆರಿಕದಲ್ಲಿ ಸೆಕೆಂಡ್ ಹ್ಯಾಂಡ್ ಬಂದೂಕು ಕೊಳ್ಳುವವನಿಗೆ ಬುದ್ಧಿ ಹೇಳುವವರ ಬರವಿಲ್ಲ. ಆನ್‌ಲೈನಿನಲ್ಲಿ ಜಾಹೀರಾತು ಕಂಡೆಯಾ? ಸರಿ, ಹಗಲು ಹೊತ್ತಿನಲ್ಲೇ ಭೇಟಿಯಾಗು. ಜನ ಓಡಾಡುವ ಜಾಗ ಆರಿಸಿಕೋ. ಸಾಧ್ಯವಾದರೆ ಪೊಲೀಸ್ ಠಾಣೆಯ ಪಾರ್ಕಿಂಗ್ ಜಾಗಕ್ಕೇ ಕರೆಸು. ಒಬ್ಬನೇ ಹೋಗಬೇಡ, ಜೊತೆಗೊಬ್ಬ ಗೆಳೆಯನಿರಲಿ. ಮುಂಗಡ ಕಳಿಸಬೇಡ. ನಳಿಗೆಯೊಳಗೆ ಟಾರ್ಚ್ ಬಿಟ್ಟು ತುಕ್ಕು ನೋಡು. ಸೀರಿಯಲ್ ನಂಬರ್ ಉಜ್ಜಿ ಅಳಿಸಿದ್ದರೆ ಕೈಮುಗಿದು ವಾಪಸ್ ಬಾ.

ಒಳ್ಳೆಯ ಮಾತುಗಳು. ಒಂದರಲ್ಲೂ ತಪ್ಪಿಲ್ಲ. ಕೊಳ್ಳುವವನ ದುಡ್ಡು ಉಳಿಯುತ್ತದೆ. ಮಾರುವವನ ಜೀವ ಉಳಿಯುತ್ತದೆ. ಇಬ್ಬರೂ ಕೈಕುಲುಕಿ ಕಾರು ಹತ್ತುತ್ತಾರೆ.

ಮೂರನೆಯವನೊಬ್ಬನಿದ್ದಾನೆ. ನಾಳೆ ಆ ನಳಿಗೆಯ ಎದುರಿಗೆ ಸಿಕ್ಕಿಬೀಳುವವನು. ಅವನ ಬಗ್ಗೆ ಈ ಬುದ್ಧಿಮಾತುಗಳಲ್ಲಿ ಚಕಾರವಿಲ್ಲ. ಅವನು ವ್ಯವಹಾರದಲ್ಲಿ ಪಾಲುದಾರ ಅಲ್ಲವಲ್ಲ, ಬರೀ ಫಲಾನುಭವಿ.

ಕಾನೂನು ಏನು ಹೇಳುತ್ತದೆ ಅಂತ ಕೇಳುತ್ತೀರಿ. ಬಹಳ ಹೇಳುತ್ತದೆ. ಅಂಗಡಿಗೆ ಹೋದರೆ ಮಾತ್ರ. ಲೈಸೆನ್ಸ್ ಇರುವ ಅಂಗಡಿಯಲ್ಲಿ ಬಂದೂಕು ಕೊಂಡರೆ 4473 ಎಂಬ ನಮೂನೆ ತುಂಬಬೇಕು. ಗುರುತಿನ ಚೀಟಿ ತೋರಿಸಬೇಕು. ಅಂಗಡಿಯವನು ಎಫ್‌ಬಿಐಯ ತಪಾಸಣೆ ವ್ಯವಸ್ಥೆಗೆ ವಿವರ ಕಳಿಸಿ, ಈತ ಜೈಲಿಗೆ ಹೋಗಿ ಬಂದವನೋ, ಹೆಂಡತಿಗೆ ಹೊಡೆದು ಶಿಕ್ಷೆಯಾದವನೋ ಎಂದು ವಿಚಾರಿಸಬೇಕು. 1993ರ ಬ್ರೇಡಿ ಕಾಯ್ದೆಯ ಫಲ ಇದು. ಈಗಿನ ತಪಾಸಣೆ ವ್ಯವಸ್ಥೆ ಶುರುವಾದದ್ದು 1998ರಲ್ಲಿ.

ಅದೇ ಬಂದೂಕನ್ನು ಅದೇ ರಾಜ್ಯದ ಖಾಸಗಿ ವ್ಯಕ್ತಿಯೊಬ್ಬ, ನನ್ನ ಸ್ವಂತದ್ದು, ಮಾರುತ್ತಿದ್ದೇನೆ ಅಂದರೆ ಮುಗಿಯಿತು. ಫೆಡರಲ್ ಕಾನೂನಿನ ಪ್ರಕಾರ ನಮೂನೆ ಬೇಡ. ತಪಾಸಣೆ ಬೇಡ. ರಸೀದಿ ಬೇಡ. ಹೆಸರೂ ಬೇಡ.

ಮುಂಬಾಗಿಲಿಗೆ ಬೀಗ, ಬೀಗಕ್ಕೆ ಕಾವಲು. ಹಿತ್ತಿಲಿಗೆ ಗೋಡೆಯೇ ಇಲ್ಲ. ಮುಂಬಾಗಿಲಲ್ಲಿ ಎಷ್ಟು ಜನರನ್ನು ತಡೆದೆವು ಎಂಬ ಲೆಕ್ಕವನ್ನು ಮಾತ್ರ ತಪ್ಪದೆ ಪ್ರಕಟಿಸುತ್ತಾರೆ.

ಇದೇ ದೇಶದಲ್ಲಿ ನೆಗಡಿಯಾದರೆ ಏನು ಮಾಡಬೇಕು ಗೊತ್ತೇ? ಸ್ಯೂಡೋಎಫೆಡ್ರಿನ್ ಇರುವ ಮಾತ್ರೆ ಬೇಕಾದರೆ ಔಷಧಿ ಅಂಗಡಿಯಲ್ಲಿ ಗುರುತಿನ ಚೀಟಿ ತೋರಿಸಬೇಕು. ಪುಸ್ತಕದಲ್ಲಿ ಸಹಿ ಹಾಕಬೇಕು. ದಿನಕ್ಕೆ ಇಷ್ಟೇ ಗ್ರಾಂ ಎಂಬ ಮಿತಿಯಿದೆ. ಆ ದಾಖಲೆಯನ್ನು ಅಂಗಡಿಯವನು ಎರಡು ವರ್ಷ ಕಾಪಾಡಬೇಕು. ಆ ಮಾತ್ರೆಯಿಂದ ಮಾದಕವಸ್ತು ತಯಾರಿಸುತ್ತಾರೆಂದು 2006ರಲ್ಲಿ ತಂದ ಬಿಗಿ ಕಾನೂನು. ಮೂಗು ಕಟ್ಟಿದವನ ಮೇಲೆ ಸರ್ಕಾರಕ್ಕೆ ಅನುಮಾನ. ಪಾರ್ಕಿಂಗ್ ಜಾಗದಲ್ಲಿ ಪಿಸ್ತೂಲು ಕೊಳ್ಳುವವನ ಮೇಲೆ ಸಂಪೂರ್ಣ ವಿಶ್ವಾಸ.

ಬಿಯರ್ ಕೊಳ್ಳಲು 21 ತುಂಬಿರಬೇಕು. ಖಾಸಗಿಯವನಿಂದ ಕೈಬಂದೂಕು ಕೊಳ್ಳಲು ಫೆಡರಲ್ ಕಾನೂನಿಗೆ 18 ಸಾಕು. ರೈಫಲ್ಲಾದರೆ? ಖಾಸಗಿ ಮಾರಾಟಕ್ಕೆ ಫೆಡರಲ್ ಕಾನೂನು ಕನಿಷ್ಠ ವಯಸ್ಸನ್ನೇ ಇಟ್ಟಿಲ್ಲ. ಕೆಲವು ರಾಜ್ಯಗಳು ಇಟ್ಟಿವೆ, ಕೆಲವು ಇಟ್ಟಿಲ್ಲ. ಹುಡುಗ ಕುಡಿದು ಕೆಡಬಾರದು, ಅಷ್ಟೇ ಕಾಳಜಿ.

ಇಷ್ಟಾದರೂ ಕಾನೂನಿಗೆ ಒಂದು ನೀತಿ ಇದೆ. ಬಂದೂಕು ಹೊಂದುವ ಹಕ್ಕಿಲ್ಲದವನಿಗೆ ಖಾಸಗಿಯವನೂ ಮಾರುವಂತಿಲ್ಲ. ಮಾರಿದರೆ ಅಪರಾಧ. ಆದರೆ ಮಾರುವವನಿಗೆ ಅದು ಗೊತ್ತಿರಬೇಕು, ಅಥವಾ ಅನುಮಾನಿಸಲು ತಕ್ಕ ಕಾರಣವಾದರೂ ಇರಬೇಕು.

ಇದನ್ನು ಎರಡು ಸಲ ಓದಿ. ಗೊತ್ತಿದ್ದರೆ ಅಪರಾಧ. ಗೊತ್ತಿಲ್ಲದಿದ್ದರೆ ವ್ಯಾಪಾರ. ಹಾಗಾದರೆ ಜಾಣ ಮಾರಾಟಗಾರ ಏನು ಮಾಡಬೇಕು? ಕೇಳಬಾರದು. ಕೇಳದಿದ್ದರೆ ಗೊತ್ತಾಗುವುದಿಲ್ಲ. ಗೊತ್ತಾಗದಿದ್ದರೆ ಕೇಸಿಲ್ಲ. ಬಾಯಿಮುಚ್ಚಿಕೊಂಡು ನೋಟು ಎಣಿಸುವವನಿಗೆ ಕಾನೂನೇ ಅಭಯಹಸ್ತ ಕೊಟ್ಟಿದೆ.

ಎಲ್ಲರೂ ಹಾಗಿರುವುದಿಲ್ಲ. ಎಷ್ಟೋ ಮಂದಿ ಮಾರಾಟಗಾರರು ತಾವಾಗಿಯೇ ಕೊಳ್ಳುವವನ ಡ್ರೈವಿಂಗ್ ಲೈಸೆನ್ಸ್ ನೋಡುತ್ತಾರೆ, ಬಿಲ್ಲು ಬರೆದು ಸಹಿ ಹಾಕಿಸಿಕೊಳ್ಳುತ್ತಾರೆ. ಭಲೆ. ಅಂಥ ಪ್ರಾಮಾಣಿಕನೊಬ್ಬ, ಈ ಅಪರಿಚಿತ ಎಂಥವನೋ ತಿಳಿದುಕೊಳ್ಳೋಣ ಎಂದು ಎಫ್‌ಬಿಐಯ ತಪಾಸಣೆ ವ್ಯವಸ್ಥೆಗೆ ಫೋನು ಮಾಡಿದರೆ ಏನಾಗುತ್ತದೆ? ಏನೂ ಆಗುವುದಿಲ್ಲ. ಖಾಸಗಿ ವ್ಯಕ್ತಿಗೆ ಅಲ್ಲಿ ಪ್ರವೇಶವಿಲ್ಲ. ಲೈಸೆನ್ಸ್ ಇರುವ ಅಂಗಡಿಯವನ ಹತ್ತಿರ ಹೋಗಿ, ಅವನಿಗೆ ಶುಲ್ಕ ಕೊಟ್ಟು, ಅವನ ಕೈಯಿಂದ ಮಾಡಿಸಬೇಕು.

ಅಂದರೆ, ಬೇಜವಾಬ್ದಾರಿ ಪುಕ್ಕಟೆ. ಜವಾಬ್ದಾರಿಗೆ ದುಡ್ಡು ಕೊಡಬೇಕು.

ಕೊಳ್ಳುವವನ ಪಾಡೂ ಅಷ್ಟೆ. ಈ ಬಂದೂಕು ಕಳ್ಳಮಾಲೋ ಏನೋ ಅಂತ ಅವನಿಗೂ ಅಳುಕು. ಹಳೇ ಕಾರಾದರೆ ಚಾಸಿಸ್ ನಂಬರ್ ಹಾಕಿ, ಕಳುವಾದದ್ದೇ ಎಂದು ವಿಮಾ ಉದ್ಯಮದ ಸಂಸ್ಥೆಯೊಂದರ ಪಟ್ಟಿಯಲ್ಲಿ ಪುಕ್ಕಟೆ ನೋಡಿಕೊಳ್ಳಬಹುದು. ಕಳುವಾದ ಬಂದೂಕುಗಳ ಪಟ್ಟಿಯೂ ಇದೆ, ಎಫ್‌ಬಿಐ ಹತ್ತಿರ. ಅದನ್ನು ಪೊಲೀಸರು ನೋಡಬಹುದು, ನೀವು ನೋಡುವಂತಿಲ್ಲ. ಕಳ್ಳ ಕಾರನ್ನು ಗುರುತಿಸುವ ಹಕ್ಕು ನಾಗರಿಕನಿಗುಂಟು. ಕಳ್ಳ ಬಂದೂಕನ್ನು ಕೊಂಡಮೇಲೆ ಗುರುತಿಸಿಕೊಳ್ಳಲಿ.

ಆನ್‌ಲೈನ್ ಮಾರಾಟಗಾರರು ಎಂಥವರು ಎಂದು ನ್ಯೂಯಾರ್ಕ್ ನಗರಾಡಳಿತ 2011ರಲ್ಲಿ ಪರೀಕ್ಷೆ ಮಾಡಿತು. ಅದರ ಗುಪ್ತ ತನಿಖೆದಾರರು 14 ರಾಜ್ಯಗಳ 125 ಖಾಸಗಿ ಮಾರಾಟಗಾರರಿಗೆ ಫೋನು ಮಾಡಿದರು. ಮಾತಿನ ಮಧ್ಯೆ, ನಾನು ತಪಾಸಣೆಯಲ್ಲಿ ಪಾಸಾಗುವುದು ಅನುಮಾನ ಅಂತ ತಾವಾಗಿಯೇ ಹೇಳಿದರು. ಅಷ್ಟು ಕೇಳಿದ ಮೇಲೆ ಮಾರಿದರೆ ಅಪರಾಧ. ಶೇ. 62ರಷ್ಟು ಮಂದಿ ಮಾರಲು ಒಪ್ಪಿದರು.

ಕೆಲವು ವರ್ಷಗಳ ನಂತರ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆಯೂ ಆನ್‌ಲೈನಿನಲ್ಲಿ ಕೈಯಾಡಿಸಿತು. 72 ಪ್ರಯತ್ನ, ಒಂದೂ ಕೈಗೂಡಲಿಲ್ಲ. 2017ರಲ್ಲಿ ವರದಿ ಬಂತು. ನೋಡಿದಿರಾ, ಎಲ್ಲ ಸರಿಯಿದೆ, ಸುಮ್ಮನೆ ಬೊಬ್ಬೆ ಹಾಕುತ್ತೀರಿ ಎಂದು ಬಂದೂಕು ಲಾಬಿಯವರು ಎದೆಯುಬ್ಬಿಸಿದರು. ಆ ಪರೀಕ್ಷೆ ನಡೆದ ಬಗೆ ನೋಡಿ. ಗುಪ್ತ ಅಧಿಕಾರಿಗಳು ಮಾರಾಟಗಾರನಿಗೆ, ನಮಗೆ ಕಾನೂನಿನ ಪ್ರಕಾರ ಬಂದೂಕು ಇಟ್ಟುಕೊಳ್ಳುವ ಹಕ್ಕಿಲ್ಲ ಎಂದು ಹೇಳಿಕೊಳ್ಳುತ್ತಿದ್ದರು. ಎಷ್ಟೋ ಮಂದಿ ಅದನ್ನು ಕೇಳಿ ಹಿಂದೆ ಸರಿದರು. ಸಂತೋಷ. ಇನ್ನು ಮುಂದೆ ಕೊಲೆಗಡುಕರು ದಯವಿಟ್ಟು ತಮ್ಮ ಪರಿಚಯ ಹೇಳಿಕೊಂಡೇ ವ್ಯಾಪಾರ ಶುರುಮಾಡಲಿ. ಹಾಗೆ ಮಾಡಿದರೆ ಅಮೆರಿಕ ಸುರಕ್ಷಿತ.

ವಿಸ್ಕಾನ್ಸಿನ್ ರಾಜ್ಯದ ಬ್ರೂಕ್‌ಫೀಲ್ಡಿನವನು ಪರಿಚಯ ಹೇಳಿಕೊಳ್ಳಲಿಲ್ಲ.

2012ರ ಅಕ್ಟೋಬರ್ 18. ಹೆಂಡತಿಯನ್ನು ಹಿಂಸಿಸುತ್ತಿದ್ದ ಗಂಡನೊಬ್ಬನ ವಿರುದ್ಧ ನ್ಯಾಯಾಲಯ ರಕ್ಷಣಾ ಆದೇಶ ಕೊಟ್ಟಿತು. ನಾಲ್ಕು ವರ್ಷ ಆಕೆಯ ಹತ್ತಿರ ಸುಳಿಯಬಾರದು, ಬಂದೂಕು ಇಟ್ಟುಕೊಳ್ಳಬಾರದು. ಆಕೆ ಮಾಡಬೇಕಾದ್ದನ್ನೆಲ್ಲ ಮಾಡಿದ್ದಳು. ದೂರು ಕೊಟ್ಟಳು, ಕೋರ್ಟಿಗೆ ಹೋದಳು, ಆದೇಶ ತಂದಳು. ಅಂಗಡಿಗೆ ಹೋಗಿದ್ದರೆ ಅವನಿಗೆ ಬಂದೂಕು ಸಿಗುತ್ತಿರಲಿಲ್ಲ. ಅವನಿಗೂ ಅದು ಗೊತ್ತಿತ್ತು.

ಆರ್ಮ್ಸ್‌ಲಿಸ್ಟ್ ಎಂಬ ಆನ್‌ಲೈನ್ ಸಂತೆಗೆ ಹೋದ. ಕ್ರೇಗ್ಸ್‌ಲಿಸ್ಟ್ 2007ರಲ್ಲಿ ಬಂದೂಕು ಜಾಹೀರಾತು ನಿಲ್ಲಿಸಿದಾಗ, ಆ ಖಾಲಿ ಜಾಗಕ್ಕೆ ಎಂದೇ ಹುಟ್ಟಿದ ಸಂತೆ ಅದು. ಅಲ್ಲೊಂದು ಸೌಕರ್ಯವಿತ್ತು. ಅಂಗಡಿಯವರು ಬೇಡ, ಖಾಸಗಿ ಮಾರಾಟಗಾರರನ್ನಷ್ಟೇ ತೋರಿಸು ಎಂದು ಆರಿಸಿಕೊಳ್ಳಬಹುದಿತ್ತು. ಆರಿಸಿಕೊಂಡ. ಅಕ್ಟೋಬರ್ 20ರಂದು ಮೆಕ್‌ಡೊನಾಲ್ಡ್ಸ್ ಹೋಟೆಲಿನ ಪಾರ್ಕಿಂಗ್ ಜಾಗದಲ್ಲಿ ಭೇಟಿ. 500 ಡಾಲರ್ ನಗದು. ಒಂದು ಪಿಸ್ತೂಲು, ಜೊತೆಗೆ ಮೂರು ಮ್ಯಾಗಜಿನ್.

ಗಮನಿಸಿ. ಸುರಕ್ಷತೆಯ ಪಾಠದ ಪ್ರಕಾರ ನೋಡಿದರೆ ಈ ವ್ಯವಹಾರಕ್ಕೆ ನೂರಕ್ಕೆ ನೂರು ಅಂಕ ಕೊಡಬೇಕು. ಸಾರ್ವಜನಿಕ ಸ್ಥಳ. ಜನರ ಓಡಾಟ. ಕೈಗೆ ಕೈ ವ್ಯವಹಾರ. ಯಾರಿಗೂ ಮೋಸವಾಗಲಿಲ್ಲ.

ಮರುದಿನ ಆಕೆ ಕೆಲಸ ಮಾಡುತ್ತಿದ್ದ ಸ್ಪಾಗೆ ನುಗ್ಗಿದ. ಹೆಂಡತಿಯೂ ಸೇರಿ ಮೂವರು ಹೆಂಗಸರನ್ನು ಕೊಂದ. ನಾಲ್ವರು ಗಾಯಗೊಂಡರು. ಕಡೆಗೆ ತನಗೇ ಹೊಡೆದುಕೊಂಡ.

ಸತ್ತವಳ ಮಗಳು ಆ ಜಾಲತಾಣದ ಮೇಲೆ ದಾವೆ ಹೂಡಿದಳು. 2019ರಲ್ಲಿ ವಿಸ್ಕಾನ್ಸಿನ್ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಬೇರೆಯವರು ಹಾಕಿದ ಜಾಹೀರಾತಿಗೆ ಜಾಲತಾಣ ಹೊಣೆಯಲ್ಲ, 1996ರ ಇಂಟರ್‌ನೆಟ್ ಕಾಯ್ದೆಯ 230ನೇ ಸೆಕ್ಷನ್ ಅದಕ್ಕೆ ರಕ್ಷಣೆ ಕೊಟ್ಟಿದೆ ಎಂದಿತು. ದೇಶದ ಸುಪ್ರೀಂ ಕೋರ್ಟು ಅದೇ ವರ್ಷ ಮೇಲ್ಮನವಿ ಕೈಗೆತ್ತಿಕೊಳ್ಳಲು ಒಪ್ಪಲಿಲ್ಲ. ಸತ್ತವಳ ಕೈಯಲ್ಲಿದ್ದ ರಕ್ಷಣಾ ಆದೇಶ ಮೂರು ದಿನ ಬಾಳಿತು. ಜಾಲತಾಣದ ರಕ್ಷಣೆ ಗಟ್ಟಿಮುಟ್ಟಾಗಿದೆ.

ಟೆಕ್ಸಾಸಿನ ಮಿಡ್‌ಲೆಂಡ್ ಮತ್ತು ಒಡೆಸ್ಸಾದ್ದು ಇನ್ನೊಂದು ಕಥೆ. 2014ರಲ್ಲಿ ಒಬ್ಬ ಅಂಗಡಿಗೆ ಹೋದ. ತಪಾಸಣೆ ತನ್ನ ಕೆಲಸ ಸರಿಯಾಗಿ ಮಾಡಿತು, ಮಾನಸಿಕ ಅಸ್ವಸ್ಥತೆಯ ದಾಖಲೆ ನೋಡಿ ಬಂದೂಕು ನಿರಾಕರಿಸಿತು. ಅಲ್ಲಿಗೆ ಸರ್ಕಾರದ ಕರ್ತವ್ಯ ಮುಗಿಯಿತು. ಅವನು ಖಾಸಗಿ ಮಾರಾಟಗಾರನಿಂದ ರೈಫಲ್ ಕೊಂಡ. 2019ರ ಆಗಸ್ಟ್ 31ರಂದು ಕಾರಿನಲ್ಲಿ ಸುತ್ತುತ್ತ ಏಳು ಜನರನ್ನು ಕೊಂದ. ಮಾರಿದವನು ಲೈಸೆನ್ಸ್ ಇಲ್ಲದೆ ಬಂದೂಕು ವ್ಯಾಪಾರವನ್ನೇ ನಡೆಸುತ್ತಿದ್ದ ಎಂದು ರುಜುವಾತಾಗಿ 2021ರಲ್ಲಿ ಶಿಕ್ಷೆಯಾಯಿತು. ಎರಡು ವರ್ಷ.

ಖಾಸಗಿ ಮಾರಾಟಕ್ಕೆ ಈ ರಾಜಮರ್ಯಾದೆ ಬಂದದ್ದರ ಹಿಂದೆ ಒಂದು ಸೊಗಸಾದ ಚರಿತ್ರೆಯಿದೆ. 1981ರ ಮಾರ್ಚ್ 30ರಂದು ಅಧ್ಯಕ್ಷ ರೇಗನ್ ಮೇಲೆ ಗುಂಡು ಹಾರಿತು. ಹಾರಿಸಿದವನು ಡಲ್ಲಾಸಿನ ಗಿರವಿ ಅಂಗಡಿಯಲ್ಲಿ ಕೊಂಡ ರಿವಾಲ್ವರ್ ಅದು. ರೇಗನ್ ಎದೆಗೆ ಗುಂಡು ಹೊಕ್ಕಿತು, ಬದುಕಿದರು. ಅವರ ಪತ್ರಿಕಾ ಕಾರ್ಯದರ್ಶಿ ಜೇಮ್ಸ್ ಬ್ರೇಡಿ ತಲೆಗೆ ಗುಂಡು ತಗಲಿ ಜೀವನಪರ್ಯಂತ ಊನಗೊಂಡರು. ಗುಂಡೇಟು ತಿಂದ ಅಧ್ಯಕ್ಷರು ಐದು ವರ್ಷದ ನಂತರ, 1986ರಲ್ಲಿ, ಒಂದು ಕಾಯ್ದೆಗೆ ಸಹಿ ಹಾಕಿದರು. ಬಂದೂಕು ಕಾನೂನನ್ನು ಬಿಗಿ ಮಾಡಲು ಅಂದುಕೊಂಡಿರಾ? ಸಡಿಲ ಮಾಡಲು. ಆಗೊಮ್ಮೆ ಈಗೊಮ್ಮೆ ಮಾರುವವನು, ಸ್ವಂತ ಸಂಗ್ರಹದಿಂದ ಮಾರುವವನು ವ್ಯಾಪಾರಿಯಲ್ಲ ಎಂದು ಆ ಕಾಯ್ದೆ ಬರೆದಿಟ್ಟಿತು. ಕೇಂದ್ರ ಸರ್ಕಾರ ಬಂದೂಕುದಾರರ ನೋಂದಣಿ ಪಟ್ಟಿ ಮಾಡಕೂಡದು ಎಂದೂ ಬರೆದಿಟ್ಟಿತು.

ಅಧಿಕಾರ ಬಿಟ್ಟ ಮೇಲೆ, 1991ರಲ್ಲಿ, ಅದೇ ರೇಗನ್ ಪತ್ರಿಕೆಯಲ್ಲಿ ಲೇಖನ ಬರೆದು ಬ್ರೇಡಿ ಮಸೂದೆಯನ್ನು ಬೆಂಬಲಿಸಿದರು. ಕುರ್ಚಿಯ ಮೇಲೆ ಕೂತಾಗ ಬಾರದ ವಿವೇಕ ಕುರ್ಚಿ ಬಿಟ್ಟೊಡನೆ ಬರುವುದು ಬೆಂಗಳೂರಿನ ವಿಶೇಷ ಅಂದುಕೊಂಡಿದ್ದೆ. ಅಲ್ಲ.

ನೋಂದಣಿ ಪಟ್ಟಿ ಇಲ್ಲದ್ದರಿಂದ ಏನಾಗುತ್ತದೆ ನೋಡಿ. ಕೊಲೆ ನಡೆದ ಜಾಗದಲ್ಲಿ ಪಿಸ್ತೂಲು ಸಿಗುತ್ತದೆ. ವೆಸ್ಟ್ ವರ್ಜೀನಿಯಾದ ಮಾರ್ಟಿನ್ಸ್‌ಬರ್ಗಿನಲ್ಲಿ ಬಂದೂಕು ವ್ಯಾಪಾರದ ಮೇಲೆ ನಿಗಾ ಇಡುವ ಫೆಡರಲ್ ಇಲಾಖೆ ಎಟಿಎಫ್‌ನ ಪತ್ತೆ ಕೇಂದ್ರವಿದೆ. ಅವರು ಸೀರಿಯಲ್ ನಂಬರ್ ಹಿಡಿದು ಕಾರ್ಖಾನೆಗೆ ಕೇಳುತ್ತಾರೆ, ಅಲ್ಲಿಂದ ಸಗಟು ವ್ಯಾಪಾರಿಗೆ, ಅಲ್ಲಿಂದ ಅಂಗಡಿಗೆ. ಮುಚ್ಚಿಹೋದ ಅಂಗಡಿಗಳ ಕಡತ ರಾಶಿರಾಶಿಯಾಗಿ ಅಲ್ಲಿಗೇ ಬಂದು ಬಿದ್ದಿದೆ. ಅವುಗಳ ಚಿತ್ರ ತೆಗೆದು ಕಂಪ್ಯೂಟರಿನಲ್ಲಿ ಇಡಬಹುದು. ಆದರೆ ಹೆಸರು ಹಾಕಿ ಹುಡುಕುವಂತಿಲ್ಲ. ಕಾನೂನೇ ಅಡ್ಡ. ಚಂದ್ರನ ಮೇಲೆ ಮನುಷ್ಯನನ್ನು ಇಳಿಸಿದ ದೇಶದ ನೌಕರರು ಒಂದೊಂದೇ ಹಾಳೆ ಮಗುಚುತ್ತ ಕೂತಿರುತ್ತಾರೆ.

ಇಷ್ಟು ಕಷ್ಟಪಟ್ಟು ಅಂಗಡಿಯಿಂದ ಮೊದಲು ಕೊಂಡವನನ್ನು ಪತ್ತೆಮಾಡುತ್ತಾರೆ. ಪೊಲೀಸರು ಅವನ ಮನೆಗೆ ಹೋಗುತ್ತಾರೆ. ಮಾರಿಬಿಟ್ಟೆ ಸಾರ್. ಯಾರಿಗೆ? ಆನ್‌ಲೈನಿನಲ್ಲಿ ಸಿಕ್ಕಿದ್ದ, ಟೋಪಿ ಹಾಕಿಕೊಂಡಿದ್ದ, ಹೆಸರು ಕೇಳಲಿಲ್ಲ. ಬಹಳಷ್ಟು ರಾಜ್ಯಗಳಲ್ಲಿ ಅವನು ಹೆಸರು ಬರೆದಿಟ್ಟುಕೊಳ್ಳಬೇಕಾಗಿಯೂ ಇಲ್ಲ. ತನಿಖೆ ಅಲ್ಲಿಗೆ ಸಮಾಪ್ತಿ.

ಕಂಪನಿಗಳ ಆದರ್ಶಕ್ಕೆ ಬರೋಣ. ಈಬೇ 1999ರಲ್ಲೇ ಬಂದೂಕು ಮಾರಾಟ ನಿಷೇಧಿಸಿತು. ಫೇಸ್‌ಬುಕ್ 2016ರ ಜನವರಿಯಲ್ಲಿ ಖಾಸಗಿ ಬಂದೂಕು ಮಾರಾಟ ನಿಷೇಧಿಸಿ ಬೆನ್ನು ತಟ್ಟಿಕೊಂಡಿತು. ಬಂದೂಕು ನಿಂತಿತು. ಬಂದೂಕಿನ ಪೆಟ್ಟಿಗೆ ಬಂತು. ಖಾಲಿ ಪೆಟ್ಟಿಗೆ, ಬೆಲೆ ಮಾತ್ರ ಬಂದೂಕಿನದು. ಕೊಳ್ಳುವವನಿಗೆ ಅರ್ಥವಾಯಿತು, ಮಾರುವವನಿಗೆ ಅರ್ಥವಾಯಿತು. ನೀವು ಒಂದು ಜೊತೆ ಚಪ್ಪಲಿ ಹುಡುಕಿದರೆ ತಿಂಗಳುಗಟ್ಟಲೆ ಚಪ್ಪಲಿ ತೋರಿಸುವ ಆ ಮಹಾಬುದ್ಧಿವಂತ ಯಂತ್ರಕ್ಕೆ ಮಾತ್ರ ಅರ್ಥವಾಗಲಿಲ್ಲ.

ಸಂಸತ್ತು? ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಮಕ್ಕಳು, ಆರು ಮಂದಿ ದೊಡ್ಡವರು ಸತ್ತ ನಾಲ್ಕು ತಿಂಗಳಿಗೆ, 2013ರ ಏಪ್ರಿಲ್‌ನಲ್ಲಿ, ಆನ್‌ಲೈನ್ ಮಾರಾಟಕ್ಕೂ ತಪಾಸಣೆ ಬೇಕೆಂಬ ತಿದ್ದುಪಡಿ ಸೆನೆಟ್ಟಿಗೆ ಬಂತು. ಪರ 54, ವಿರುದ್ಧ 46. ಬಿದ್ದುಹೋಯಿತು. 54 ದೊಡ್ಡದೋ 46 ದೊಡ್ಡದೋ ಎಂದು ಮಗುವನ್ನು ಕೇಳಬೇಡಿ. ಅಲ್ಲಿ 60 ಬೇಕು. 2019ರಲ್ಲೂ 2021ರಲ್ಲೂ ಕೆಳಮನೆ ಇಂಥ ಮಸೂದೆ ಪಾಸುಮಾಡಿತು. ಸೆನೆಟ್ ಅದನ್ನು ಮತಕ್ಕೇ ಹಾಕಲಿಲ್ಲ. ಸಮೀಕ್ಷೆಗಳಲ್ಲಿ ಹತ್ತರಲ್ಲಿ ಎಂಟಕ್ಕೂ ಹೆಚ್ಚು ಅಮೆರಿಕನ್ನರು ಖಾಸಗಿ ಮಾರಾಟಕ್ಕೂ ತಪಾಸಣೆ ಬೇಕು ಅನ್ನುತ್ತಾರೆ. ಪ್ರಜಾಪ್ರಭುತ್ವದಲ್ಲಿ ಪ್ರಜೆಗಳ ಅಭಿಪ್ರಾಯವನ್ನು ಗೌರವಿಸಬೇಕು, ಪಾಲಿಸಲೇಬೇಕು ಅಂತೇನಿಲ್ಲ.

ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್ ಮೊದಲಾದ ರಾಜ್ಯಗಳು ತಾವೇ ಕಾನೂನು ಮಾಡಿಕೊಂಡು ಖಾಸಗಿ ಮಾರಾಟಕ್ಕೂ ತಪಾಸಣೆ ಕಡ್ಡಾಯ ಮಾಡಿವೆ. ಕೊಲರಾಡೊ 2013ರಲ್ಲಿ ಮಾಡಿತು. ಅದೇ ವರ್ಷ ಅಲ್ಲಿನ ಮೇಲ್ಮನೆಯ ಅಧ್ಯಕ್ಷರೂ ಸೇರಿ ಇಬ್ಬರು ಸದಸ್ಯರನ್ನು ಅವಧಿಗೆ ಮೊದಲೇ ಮತ ಹಾಕಿ ಮನೆಗೆ ಕಳಿಸಿದರು. ನೆವಾಡಾದ್ದು ಇನ್ನೂ ಚೆನ್ನ. 2016ರಲ್ಲಿ ಜನರೇ ಮತ ಹಾಕಿ ತಪಾಸಣೆ ಬೇಕೆಂದರು. ಆ ತಪಾಸಣೆ ನಾವು ಮಾಡುವುದಿಲ್ಲ, ನೀವೇ ಮಾಡಿಕೊಳ್ಳಿ ಎಂದಿತು ಎಫ್‌ಬಿಐ. ಹಾಗಾದರೆ ಜಾರಿ ಸಾಧ್ಯವಿಲ್ಲ ಎಂದರು ರಾಜ್ಯದ ಅಟಾರ್ನಿ ಜನರಲ್. ಜನ ಗೆದ್ದರು, ಕಾನೂನು ಕಪಾಟು ಸೇರಿತು. ಹೊಸ ಕಾನೂನು ಮಾಡಿ ಜಾರಿಗೆ ತರುವಷ್ಟರಲ್ಲಿ 2020 ಬಂದಿತ್ತು.

2024ರಲ್ಲಿ ಎಟಿಎಫ್ ಹೊಸ ನಿಯಮ ತಂದಿತು. ಲಾಭಕ್ಕಾಗಿ ಮಾರುವವನು ಆನ್‌ಲೈನಿನಲ್ಲಿ ಮಾರಿದರೂ ವ್ಯಾಪಾರಿಯೇ, ಲೈಸೆನ್ಸ್ ಮಾಡಿಸಲಿ ಎಂದು. ಟೆಕ್ಸಾಸಿನ ಫೆಡರಲ್ ನ್ಯಾಯಾಲಯ ಆ ರಾಜ್ಯವೂ ಸೇರಿ ಕೆಲವು ರಾಜ್ಯಗಳ ಮಟ್ಟಿಗೆ ತಡೆ ಕೊಟ್ಟಿತು.

ನಮ್ಮವರು ಇದನ್ನೆಲ್ಲ ಓದಿ ಮೀಸೆ ತಿರುವುವುದು ಬೇಡ. ಕಾಗದದ ಮೇಲೆ ನಾವು ಶಿಸ್ತಿನ ಸಿಪಾಯಿಗಳು. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಲೈಸೆನ್ಸ್ ಇರುವವನು ತನ್ನ ಬಂದೂಕನ್ನು ಇನ್ನೊಬ್ಬ ಅರ್ಹನಿಗೆ ಮಾರಬೇಕಾದರೂ ಜಿಲ್ಲಾ ಮ್ಯಾಜಿಸ್ಟ್ರೇಟರಿಗೋ ಪೊಲೀಸ್ ಠಾಣೆಗೋ ಲಿಖಿತವಾಗಿ ತಿಳಿಸಿ 45 ದಿನ ಕಾಯಬೇಕು. ಚುನಾವಣೆ ಬಂದರೆ ತೋಟದ ಮನೆಯ ಅಜ್ಜ ಕಾಡುಹಂದಿಗೆಂದು ಇಟ್ಟುಕೊಂಡ ಕೋವಿಯನ್ನು ಬಸ್ಸಿನಲ್ಲಿ ಹೊತ್ತುಕೊಂಡು ಹೋಗಿ ಠಾಣೆಗೆ ಒಪ್ಪಿಸಬೇಕು. ಒಪ್ಪಿಸುತ್ತಾನೆ ಪಾಪ, ರಸೀದಿ ಜೋಪಾನವಾಗಿ ಮಡಿಸಿಟ್ಟುಕೊಳ್ಳುತ್ತಾನೆ. ಧಾರವಾಡದಲ್ಲಿ 2015ರಲ್ಲಿ ಎಂ.ಎಂ. ಕಲಬುರ್ಗಿಯವರನ್ನು, ಬೆಂಗಳೂರಿನಲ್ಲಿ 2017ರಲ್ಲಿ ಗೌರಿ ಲಂಕೇಶರನ್ನು ಕೊಂದದ್ದು 7.65 ಮಿ.ಮೀ. ನಾಡ ಪಿಸ್ತೂಲು. ಎರಡೂ ಕಡೆ ಒಂದೇ ಪಿಸ್ತೂಲು ಎಂದಿತು ವಿಧಿವಿಜ್ಞಾನ ವರದಿ. ಅದಕ್ಕೆ ಯಾರೂ 45 ದಿನ ಕಾಯಲಿಲ್ಲ. ಯಾವ ಚುನಾವಣೆಯಲ್ಲೂ ಅದನ್ನು ಠಾಣೆಗೆ ಒಪ್ಪಿಸಲಿಲ್ಲ.

ವ್ಯತ್ಯಾಸ ಇಷ್ಟೇ. ನಮ್ಮ ಕಳ್ಳಸಂತೆ ಕಾನೂನಿನ ಕಣ್ಣು ತಪ್ಪಿಸಿ ನಡೆಯುತ್ತದೆ. ಅಲ್ಲಿ ಕಾನೂನೇ ಕಣ್ಣು ಮುಚ್ಚಿಕೊಂಡು ಪಕ್ಕದಲ್ಲಿ ನಿಂತಿರುತ್ತದೆ.

ಕಡೆಯ ಮಾತು, ಮಕ್ಕಳು ಡಲ್ಲಾಸಿನಲ್ಲೋ ಹ್ಯೂಸ್ಟನ್ನಿನಲ್ಲೋ ಇರುವ ಅಪ್ಪ ಅಮ್ಮಂದಿರಿಗೆ. ಆಫೀಸಿನ ಗೆಳೆಯರೆಲ್ಲ ಇಟ್ಟುಕೊಂಡಿದ್ದಾರೆ, ಆನ್‌ಲೈನಿನಲ್ಲಿ ಒಂದು ಅಗ್ಗಕ್ಕೆ ಸಿಕ್ಕಿದೆ, ಏನೂ ತಾಪತ್ರಯವಿಲ್ಲ, ಯಾರೂ ಏನೂ ಕೇಳುವುದಿಲ್ಲ ಎಂದು ಮಗ ವಿಡಿಯೊ ಕಾಲ್‌ನಲ್ಲಿ ಹೇಳಿದರೆ, ನೀವಾದರೂ ಒಂದು ಪ್ರಶ್ನೆ ಕೇಳಿ. ನಿನ್ನ ವೀಸಾ ಯಾವುದಪ್ಪಾ? ಗ್ರೀನ್ ಕಾರ್ಡ್ ಇದ್ದರೆ ಮಾತು ಬೇರೆ. ಎಚ್-1ಬಿಯಂಥ ತಾತ್ಕಾಲಿಕ ವೀಸಾದವರು ಬೇಟೆಯ ಲೈಸೆನ್ಸಿನಂಥ ಒಂದೆರಡು ವಿನಾಯಿತಿ ಬಿಟ್ಟರೆ ಬಂದೂಕು ಇಟ್ಟುಕೊಳ್ಳುವುದೇ ಫೆಡರಲ್ ಅಪರಾಧ. ಅವನಿಗೆ ಮಾರಿದವನು, ನನಗೆ ಗೊತ್ತಿರಲಿಲ್ಲ ಎಂದು ಹೇಳಿ ಮನೆಗೆ ಹೋಗಬಹುದು. ನಿಮ್ಮ ಮಗನಿಗೆ 15 ವರ್ಷದವರೆಗೆ ಜೈಲು.